ಗೂಬೆ ಬರುವ ಮೊದಲು

ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರನ್ನು ಪ್ರಕಾಶಕರೊಬ್ಬರು ಹರೆಯದ ಓದುಗರಿಗಾಗಿ ಒಂದು ಕಾದಂಬರಿ ಬರೆದುಕೊಡಿ ಎಂದು ಕೇಳಿದರು. ಏನು ಬರೆಯಲಿ ಎಂದು ಯೋಚಿಸುತ್ತ ಕೂತ ಆಕೆಗೆ ಒಂದು ಸಂಗತಿ ಹೊಳೆಯಿತು. ಕತೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಮುದುಕರು. ಎದೆಯ ಮೇಲೆ ಬಿಳಿ ಗಡ್ಡ, ಕೈಯಲ್ಲಿ ಕೋಲು, ಬಾಯಲ್ಲಿ ತೂಕದ ಮಾತು. ಗಡ್ಡ ಮೂಡುವ ಮುಂಚೆ ಅವರು ಹೇಗಿದ್ದರು? ಇಷ್ಟು ಕಷ್ಟದ, ಇಷ್ಟು ಅಪಾಯದ ವಿದ್ಯೆಯನ್ನು ಕಲಿತದ್ದಾದರೂ ಎಲ್ಲಿ? ಆ ಪ್ರಶ್ನೆಯ ಬೆನ್ನುಹತ್ತಿ ಹೋದದ್ದರ ಫಲವೇ 1968ರಲ್ಲಿ ಬಂದ 'ಎ ವಿಝರ್ಡ್ ಆಫ್ ಅರ್ತ್‌ಸೀ'. ಅದರಲ್ಲಿ ರೋಕ್ ಎಂಬ ದ್ವೀಪ, ದ್ವೀಪದಲ್ಲೊಂದು ಮಾಂತ್ರಿಕರ ಶಾಲೆ. ಮುಂದೆ 1997ರಲ್ಲಿ ಜೆ. ಕೆ. ರೌಲಿಂಗ್ ಅವರ ಮೊದಲ ಹ್ಯಾರಿ ಪಾಟರ್ ಪುಸ್ತಕ ಬಂದ ಮೇಲಂತೂ ಮಾಯೆಯ ಶಾಲೆ ಎಂದರೆ ಏನೆಂದು ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೋ ಆ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಎಳೆಯುವ ಆಸೆ. ಗಡ್ಡಕ್ಕೆ ಮುಂಚೆ ಶಾಲೆಯಿತ್ತು, ಸರಿ. ಶಾಲೆಗೆ ಮುಂಚೆ? ಹ್ಯಾರಿ ಓದುವ ಹಾಗ್ವರ್ಟ್ಸ್ ಶಾಲೆಗೆ ಸೇರಲು ಹನ್ನೊಂದು ವರ್ಷ ತುಂಬಬೇಕು. ಆಗ ಗೂಬೆಯೊಂದು ಪತ್ರ ಹೊತ್ತು ಮನೆಗೆ ಬರುತ್ತದೆ. ನಮ್ಮಲ್ಲಿ ಗೂಬೆ ಮನೆಯ ಮೇಲೆ ಕೂತರೆ ಶಾಂತಿ ಮಾಡಿಸುವವರಿದ್ದಾರೆ. ಅಲ್ಲಿ ಗೂಬೆ ಬಾರದಿದ್ದರೆ ಮನೆಮಂದಿಗೆ ನಿದ್ದೆಯಿಲ್ಲ. ಆದರೆ ಆ ಗೂಬೆ ಬರುವ ತನಕದ ಹತ್ತು ಚಿಲ್ಲರೆ ವರ್ಷ? ಮೂರು ವರ್ಷದ ಮಾಂತ್ರಿಕ, ಐದು ವರ್ಷದ ಮಾಂತ್ರಿಕೆ, ಹಲ್ಲು ಬಿದ್ದ ಏಳರ ಪೋರ, ಇವರಿಗೆ ಅ ಆ ಇ ಈ ಕಲಿಸುವವರು ಯಾರು?

ಇಂಗ್ಲೆಂಡಿನ ಮಕ್ಕಳು ಐದರ ಸುಮಾರಿಗೆ ಪ್ರಾಥಮಿಕ ಶಾಲೆಗೂ ಹನ್ನೊಂದರ ಹೊತ್ತಿಗೆ ಪ್ರೌಢಶಾಲೆಗೂ ಹೋಗುತ್ತಾರೆ. ರೌಲಿಂಗ್ ಈ ಚೌಕಟ್ಟನ್ನೇ ತಮ್ಮ ಲೋಕಕ್ಕೆ ಒಯ್ದರು. ಅದರ ಕೆಳಗಿನ ಅರ್ಧವನ್ನು ಮಾತ್ರ ಖಾಲಿ ಬಿಟ್ಟರು. ಓದುಗರು ಬಿಡದೆ ಕೇಳಿದಾಗ ಅವರು ಕೊಟ್ಟ ವಿವರಣೆ ಸರಳವಾಗಿತ್ತು: ಕೆಲವರು ಮಾಯೆಯ ಗಂಧವಿಲ್ಲದ ನಮ್ಮಂಥ ಮಗಲ್‌ಗಳ ಶಾಲೆಗೆ ಹೋಗುತ್ತಾರೆ, ಉಳಿದವರು ಮನೆಯಲ್ಲೇ ಕಲಿಯುತ್ತಾರೆ. ವೀಸ್ಲಿ ಎಂಬ ಮಾಂತ್ರಿಕ ಮನೆಯ ಏಳು ಮಕ್ಕಳಿಗೆ ತಾಯಿ ಮಾಲಿಯೇ ಮೇಷ್ಟರು. ಜಪಾನಿನ ಮಹೌಟೊಕೊರೊ ಎಂಬ ಶಾಲೆಯೊಂದು ಮಾತ್ರ ಏಳು ವರ್ಷದವರನ್ನೂ ಸೇರಿಸಿಕೊಳ್ಳುತ್ತದಂತೆ. ಹನ್ನೊಂದರವರೆಗೆ ಅಲ್ಲಿ ಹಾಸ್ಟೆಲ್ ವಾಸವಿಲ್ಲ. ದೈತ್ಯಾಕಾರದ ಕಡಲಹಕ್ಕಿಗಳು ಬೆಳಿಗ್ಗೆ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗಿ ಸಂಜೆ ಮನೆಗೆ ಬಿಡುತ್ತವೆ. ಇಷ್ಟು ಬಿಟ್ಟರೆ ಆ ದೊಡ್ಡ ಕಥಾಲೋಕದಲ್ಲಿ ಚಿಕ್ಕ ಮಕ್ಕಳ ಶಾಲೆಯೆಂಬುದು ಕಣ್ಣಿಗೆ ಬೀಳುವುದಿಲ್ಲ.

ಯಾಕಿಲ್ಲ ಎಂಬುದಕ್ಕೆ ಕಾರಣವೂ ಹೊಳೆಯುತ್ತದೆ. ದೊಡ್ಡವರ ಮಾಯೆಗೆ ಮಂತ್ರದಂಡ ಬೇಕು, ಉಚ್ಚಾರ ಸರಿಯಿರಬೇಕು, ಮಣಿಕಟ್ಟು ಇಷ್ಟೇ ತಿರುಗಬೇಕು. ಮಕ್ಕಳ ಮಾಯೆಗೆ ಇದ್ಯಾವುದೂ ಬೇಡ. ಹೆದರಿದರೆ ಬರುತ್ತದೆ, ಸಿಟ್ಟು ಬಂದರೆ ಬರುತ್ತದೆ, ಖುಷಿ ಉಕ್ಕಿದರೂ ಬರುತ್ತದೆ. ಬಂದದ್ದು ತನ್ನಿಂದಲೇ ಎಂದು ಮಗುವಿಗೂ ಗೊತ್ತಿರುವುದಿಲ್ಲ. ಅಂಥ ಮೂವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಮಗ್ಗಿ ಹೇಳಿಸುವ ಮೇಷ್ಟರ ಗತಿ ಏನಾದೀತು! ಪೆನ್ಸಿಲ್ ಕಿತ್ತುಕೊಂಡರೆ ಬೆಂಚು ಚಾವಣಿಗೆ ಹಾರಬಹುದು, ಅಮ್ಮನ ನೆನಪಾದರೆ ಕಿಟಕಿಯ ಗಾಜೆಲ್ಲ ಕರಗಬಹುದು. ಆ ಲೋಕದಲ್ಲಿ ಹದಿನೇಳು ತುಂಬದವರು ಶಾಲೆಯ ಹೊರಗೆ ಮಾಯೆ ಮಾಡದಂತೆ 1875ರ ಒಂದು ಕಟ್ಟಳೆಯಿದೆ. ಇತ್ತ ನಿಜವಾದ ಇಂಗ್ಲೆಂಡಿನಲ್ಲಿ, ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಸಿಗಬೇಕೆಂದು ಕಾಯ್ದೆ ಬಂದದ್ದು 1870ರಲ್ಲಿ. ಒಂದು ಕಾಯ್ದೆ ಮಗುವಿನ ಕೈಗೆ ಸ್ಲೇಟು ಕೊಟ್ಟಿತು, ಇನ್ನೊಂದು ಮಗುವಿನ ಕೈಯಿಂದ ದಂಡ ಕಿತ್ತುಕೊಂಡಿತು. ಆದರೆ ದಂಡವನ್ನೇ ಹಿಡಿಯದ ಐದು ವರ್ಷದ ಕೂಸನ್ನು ಯಾವ ಕಟ್ಟಳೆ ತಾನೇ ಕಟ್ಟಿಹಾಕೀತು?

ಈ ಕತೆಗಳನ್ನು ಮತ್ತೆ ಮತ್ತೆ ಓದುವಾಗ ನನಗೆ ತೋಚುವುದು ಇಷ್ಟು. ಚಿಕ್ಕವರಿಗೆ ಅಲ್ಲಿ ಶಾಲೆ ಇಲ್ಲದಿರಬಹುದು, ಪಾಠ ಇಲ್ಲದಿಲ್ಲ. ಮಗುವಿನಿಂದ ಏನೋ ಒಂದು ಸೋಜಿಗ ನಡೆದುಹೋಗುತ್ತದೆ. ಮರುಕ್ಷಣ ಮಗು ತಲೆಯೆತ್ತಿ ಹತ್ತಿರದಲ್ಲಿರುವವರ ಮುಖ ನೋಡುತ್ತದೆ. ಆ ಮುಖದಲ್ಲಿ ಏನಿದೆಯೋ ಅದೇ ಮೊದಲ ಪಾಠ. ಹನ್ನೊಂದರ ತನಕದ ಪಠ್ಯವೆಲ್ಲ ಸುತ್ತಲಿನ ದೊಡ್ಡವರ ಮುಖದಲ್ಲೇ ಬರೆದಿರುತ್ತದೆ. ಮುಂದೆ ಶಾಲೆಯಲ್ಲಿ ಏಳು ವರ್ಷ ಓದಿದರೂ ಆ ಬರಹ ಅಳಿಸಿಹೋಗುವುದು ಕಷ್ಟ.

ಡರ್ಸ್ಲಿ ದಂಪತಿಗಳ ಮನೆ ನೋಡಿ. ತಬ್ಬಲಿ ಹ್ಯಾರಿ ಬೆಳೆದದ್ದು ಅಲ್ಲಿ, ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ. ಪ್ರಶ್ನೆ ಕೇಳಕೂಡದು ಎಂಬುದು ಆ ಮನೆಯ ಮೊದಲ ನಿಯಮ. ದೊಡ್ಡಮ್ಮ ತಲೆಗೂದಲನ್ನು ಬೋಳು ಬೋಳಾಗಿ ಕತ್ತರಿಸಿದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೂದಲೆಲ್ಲ ಮೊದಲಿನಂತೆ ಬೆಳೆದು ನಿಂತಿತ್ತು. ಅದಕ್ಕೆ ಒಂದು ವಾರ ಕೋಣೆಯೊಳಗೆ ಕೂಡಿಹಾಕುವ ಶಿಕ್ಷೆ. ಅಟ್ಟಿಸಿಕೊಂಡು ಬಂದ ಹುಡುಗರಿಂದ ತಪ್ಪಿಸಿಕೊಳ್ಳಲು ಜಿಗಿದವನು ಶಾಲೆಯ ಅಡುಗೆಮನೆಯ ಮಾಡಿನ ಮೇಲಿದ್ದ. ಕಟ್ಟಡ ಹತ್ತುತ್ತಾನೆ ಎಂದು ಮನೆಗೆ ದೂರಿನ ಪತ್ರ ಹೋಯಿತು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹುಡುಗ ತನಗೆ ತಾನೇ ಹೇಳಿಕೊಂಡ ಸಮಾಧಾನ: ಜಿಗಿಯುವಾಗ ಗಾಳಿ ಜೋರಾಗಿ ಬೀಸಿ ಎತ್ತಿಕೊಂಡು ಹೋಗಿರಬೇಕು! ಹಾರಿದವನು ಸ್ವತಃ ತಾನು, ಆದರೂ ತಾನು ಹಾರಿದೆ ಎಂದು ನಂಬಲಾರ. ಹಾರುವ ಮೋಟರ್‌ಸೈಕಲ್ಲಿನ ಕನಸು ಬಿತ್ತೆಂದು ಅವನು ಕಾರಿನಲ್ಲಿ ಹೇಳಿದಾಗ ದೊಡ್ಡಪ್ಪ ವೆರ್ನನ್ ಕೆಂಡಾಮಂಡಲವಾಗಿ ಕಿರುಚುತ್ತಾನೆ. ಆ ಕನಸೋ ನಿಜವಾಗಿ ನಡೆದದ್ದರ ನೆನಪು. ಕೂಸಾಗಿದ್ದಾಗ ಅಂಥದೇ ಬಂಡಿಯಲ್ಲಿ ಅವನನ್ನು ಆ ಮನೆಗೆ ತಂದು ಬಿಟ್ಟಿದ್ದರು. ಕಂಡದ್ದನ್ನು ಕಂಡೇ ಇಲ್ಲ ಎನ್ನುವುದನ್ನು ಡರ್ಸ್ಲಿ ಶಾಲೆ ಅಷ್ಟು ಚೆನ್ನಾಗಿ ಕಲಿಸಿತ್ತು.

ಆ ಶಾಲೆಯ ಒಡತಿ, ದೊಡ್ಡಮ್ಮ ಪೆಟುನಿಯಾಳ ಹಿಂದೆಯೂ ಒಂದು ಬಾಲ್ಯವಿದೆ. ಅವಳ ತಂಗಿ, ಅಂದರೆ ಹ್ಯಾರಿಯ ತಾಯಿ ಲಿಲಿ, ಅಂಗೈಯಲ್ಲಿ ಒಂದು ಹೂವಿಟ್ಟುಕೊಂಡು ಅದರ ಎಸಳುಗಳನ್ನು ಮುಚ್ಚಿಸಿ ಅರಳಿಸಿ ತೋರಿಸಿದ್ದಳು. ನಿಲ್ಲಿಸು ಎಂದು ಚೀರಿದ ಅಕ್ಕ, ಮರುಗಳಿಗೆಗೆ ಆಸೆ ತಡೆಯಲಾರದೆ ಅದನ್ನು ಹೇಗೆ ಮಾಡುತ್ತೀಯೆಂದು ಕೇಳಿದ್ದಳು. ಎಷ್ಟು ಆಸೆಯೆಂದರೆ, ಮುಂದೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಹಾಗ್ವರ್ಟ್ಸ್‌ಗೆ ಪತ್ರ ಬರೆದಳು. ಪ್ರೀತಿಯಿಂದಲೇ ಬರೆದ ಉತ್ತರ ಬಂತು, ಆದರೆ ಬಾಗಿಲು ತೆರೆಯಲಿಲ್ಲ. ಬೆರಗಿನ ಹೊಸ್ತಿಲಲ್ಲಿ ಹೊರಗೇ ಉಳಿದವಳು ಕೊನೆಗೆ ಬೆರಗನ್ನೇ ಹೀಗಳೆದಳು. ಹ್ಯಾರಿಯ ಕೂದಲು ಕತ್ತರಿಸುವ ಆ ಕೈಯಲ್ಲಿ ಹೂವು ಸಿಗದ ಹುಡುಗಿಯ ಕೋಪವೂ ಇದ್ದೀತು.

ಹ್ಯಾರಿಯ ಸಹಪಾಠಿ ನೆವಿಲ್ ಲಾಂಗ್‌ಬಾಟಮ್‌ನ ಕತೆ ಇದರ ತದ್ವಿರುದ್ಧ. ಅವನದು ಹಳೆಯ ಮಾಂತ್ರಿಕ ಮನೆತನ. ಅಲ್ಲಿ ಮಾಯೆ ಬೇಡವೆನ್ನುವವರಿಲ್ಲ. ಮಗುವಿನಲ್ಲಿ ಮಾಯೆ ಕಾಣುತ್ತಿಲ್ಲ ಎಂಬುದೇ ಕೊರಗು. ಆಲ್ಜಿ ಎಂಬ ಅಜ್ಜ ವರಸೆಯವನು ಹುಡುಗನನ್ನು ಅವನಿಗೆ ಅರಿವಿಲ್ಲದಂತೆ ಪರೀಕ್ಷಿಸುತ್ತಲೇ ಇರುತ್ತಾನೆ. ಬ್ಲ್ಯಾಕ್‌ಪೂಲ್‌ನಲ್ಲಿ ಕಡಲೊಳಕ್ಕೆ ಚಾಚಿದ ಕಟ್ಟೆಯ ತುದಿಯಿಂದ ನೀರಿಗೆ ತಳ್ಳಿದ. ಹುಡುಗ ಮುಳುಗಿಯೇ ಹೋಗುತ್ತಿದ್ದ. ಎಂಟರ ವಯಸ್ಸಿನಲ್ಲಿ ಮಹಡಿಯ ಕಿಟಕಿಯಿಂದ ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುತ್ತಿದ್ದಾಗ, ಯಾರೋ ಸಿಹಿ ತಿಂಡಿ ಬೇಕೇ ಎಂದು ಕೇಳಿದರೆಂದು ಕೈಬಿಟ್ಟ. ಹುಡುಗ ನೆಲಕ್ಕೆ ಬಿದ್ದು ಚೆಂಡಿನಂತೆ ಪುಟಿಯುತ್ತ ತೋಟ ದಾಟಿ ಬೀದಿಗೆ ಹೋದ. ಮನೆಯಲ್ಲಿ ಹಬ್ಬ! ಅಜ್ಜಿಯ ಕಣ್ಣಲ್ಲಿ ಆನಂದಬಾಷ್ಪ, ಬಹುಮಾನವಾಗಿ ಒಂದು ಕಪ್ಪೆ. ಇದನ್ನೆಲ್ಲ ನೆವಿಲ್ ಹಾಗ್ವರ್ಟ್ಸ್‌ನ ಮೊದಲ ರಾತ್ರಿಯ ಊಟದಲ್ಲಿ ನಗಿಸುವ ಹಾಗೆ ಹೇಳುತ್ತಾನೆ. ಓದುವ ನಾವೂ ನಗುತ್ತೇವೆ. ನಗು ಇಳಿದ ಮೇಲೆ ಎದೆಯಲ್ಲಿ ಏನೋ ಚುಚ್ಚುತ್ತದೆ. ಅಂಕಪಟ್ಟಿ ಕೈಗೆ ಬಂದ ಮೇಲಷ್ಟೇ ಮುಖ ಅರಳುವ ಮನೆಗಳು ನಮಗೂ ಅಪರಿಚಿತವೇನಲ್ಲ. ನೆವಿಲ್ ಮುಂದೆ ಅರಳಿದ್ದು ಗಿಡಮೂಲಿಕೆಗಳ ತರಗತಿಯಲ್ಲಿ, ಅದೇ ಶಾಲೆಯಲ್ಲಿ ಅದೇ ವಿಷಯದ ಪ್ರಾಧ್ಯಾಪಕನೂ ಆದ. ಗಿಡಗಳು ಯಾರನ್ನೂ ಕಿಟಕಿಯಿಂದ ತೂಗಾಡಿಸಿ ಪರೀಕ್ಷೆ ಮಾಡುವುದಿಲ್ಲ.

ಇನ್ನಿಬ್ಬರ ಬಾಲ್ಯ ಇವೆರಡಕ್ಕಿಂತ ಕತ್ತಲೆಯದು. ಲಂಡನ್ನಿನ ಅನಾಥಾಲಯದಲ್ಲಿ ಬೆಳೆದ, ಮುಂದೆ ಆ ಕತೆಗಳ ಖಳನಾಯಕನಾಗುವ ಟಾಮ್ ರಿಡಲ್‌ಗೆ ತನ್ನೊಳಗೆ ಏನೋ ಇದೆಯೆಂದು ಬೇಗನೆ ತಿಳಿದಿತ್ತು. ಮುಟ್ಟದೆ ವಸ್ತುಗಳನ್ನು ಸರಿಸುತ್ತಿದ್ದ, ಪ್ರಾಣಿಗಳನ್ನು ಹೇಳಿದಂತೆ ಕೇಳಿಸುತ್ತಿದ್ದ. ಅದನ್ನು ನೋಡಿ ಬೆರಗಾಗುವವರು ಮಾತ್ರ ಒಬ್ಬರೂ ಇರಲಿಲ್ಲ. ಇದ್ದದ್ದು ಶಂಕೆ ಮತ್ತು ದೂರ ಸರಿಯುವ ಹೆಜ್ಜೆಗಳು. ಹಾಗ್ವರ್ಟ್ಸ್‌ನ ಮೇಷ್ಟರು ಡಂಬಲ್‌ಡೋರ್ ಮೊದಲ ಸಲ ಕಾಣಲು ಬಂದಾಗಲೂ, ತನ್ನನ್ನು ಹುಚ್ಚಾಸ್ಪತ್ರೆಗೆ ಒಯ್ಯಲು ಬಂದ ವೈದ್ಯರೆಂದೇ ಹುಡುಗ ತಿಳಿಯುತ್ತಾನೆ. ಮೆಚ್ಚುವವರಿಲ್ಲದ ಶಕ್ತಿ ಹೆದರಿಸುವ ಹವ್ಯಾಸವಾಯಿತು: ಜಗಳವಾಡಿದ ಹುಡುಗನ ಮೊಲ ಜಂತೆಗೆ ನೇತಾಡಿತು. ಕ್ರೌರ್ಯಕ್ಕೆಲ್ಲ ಒಂಟಿತನವೇ ಕಾರಣ ಎಂದು ತೀರ್ಪು ಕೊಡಲಾರೆ. ಪಕ್ಕದಲ್ಲಿ ಒಂದು ಅರಳಿದ ಮುಖ ಇದ್ದಿದ್ದರೆ ಎಂಬ ಯೋಚನೆಯನ್ನು ಕತೆ ನಮ್ಮ ಪಾಲಿಗೆ ಬಿಟ್ಟಿದೆ.

ಇನ್ನೊಬ್ಬಳು ಅದೇ ಡಂಬಲ್‌ಡೋರ್ ಅವರ ತಂಗಿ ಅರಿಯಾನಾ. ಅವಳಿಗೆ ಆಗ ಆರು ವರ್ಷ. ಮನೆಯ ಹಿತ್ತಲಲ್ಲಿ ತನ್ನ ಪಾಡಿಗೆ ತಾನು ಮಾಯೆ ಮಾಡುತ್ತಿದ್ದಾಗ ಬೇಲಿಯ ಸಂದಿಯಿಂದ ಮೂವರು ಹುಡುಗರು ನೋಡಿದರು. ಅದನ್ನೇ ಮತ್ತೆ ಮಾಡಿ ತೋರಿಸು ಎಂದರು. ಬೇಕೆಂದಾಗ ಮಾಡಲು ಆ ವಯಸ್ಸಿಗೆ ಎಲ್ಲಿ ಬರುತ್ತದೆ? ಹೆದರಿದ ಹುಡುಗರು ಅವಳ ಮೇಲೆ ಬಿದ್ದರು. ಆಮೇಲೆ ಆ ಮಗು ಮಾಯೆ ಮಾಡಲೊಲ್ಲದು, ಬಿಡಲೂ ಆಗದು. ಒಳಕ್ಕೆ ತಿರುಗಿದ ಶಕ್ತಿ ಆಗಾಗ ತಾನಾಗಿ ಸಿಡಿಯುತ್ತಿತ್ತು. ತಂದೆ ಆ ಹುಡುಗರ ಮೇಲೆ ಸೇಡು ತೀರಿಸಿಕೊಂಡು ಸೆರೆಮನೆಗೆ ಹೋದ, ತಾಯಿ ಮಗಳನ್ನು ಲೋಕದ ಕಣ್ಣಿಂದ ಬಚ್ಚಿಟ್ಟಳು, ಕೊನೆಗೆ ಅಂಥದೇ ಒಂದು ಸಿಡಿತದಲ್ಲಿ ಆ ತಾಯಿಯೇ ಸತ್ತಳು. ಏಳು ಪುಸ್ತಕಗಳಲ್ಲಿ ಯುದ್ಧಗಳು, ಸಾವುಗಳು ಬೇಕಾದಷ್ಟಿವೆ. ನನ್ನನ್ನು ಕಾಡುವುದು ಮಾತ್ರ ಬೇಲಿಯಾಚೆಯ ಆ ಮೂರು ಮುಖಗಳು.

ಇಷ್ಟು ಭಾರವನ್ನು ಇಳಿಸಿ ಒಂದು ಹಗುರ ಪ್ರಸಂಗಕ್ಕೆ ಬರೋಣ. ನಾಲ್ಕನೆಯ ಪುಸ್ತಕದಲ್ಲಿ ಪೊರಕೆಯೇರಿ ಆಡುವ ಕ್ವಿಡಿಚ್ ಆಟದ ವಿಶ್ವಕಪ್ ನೋಡಲು ಮಾಂತ್ರಿಕ ಸಂಸಾರಗಳೆಲ್ಲ ಬಯಲಿನಲ್ಲಿ ಡೇರೆ ಹಾಕಿವೆ. ಬೆಳ್ಳಂಬೆಳಗ್ಗೆ ಇಬ್ಬರು ಪುಟ್ಟ ಹುಡುಗಿಯರು ಆಟಿಕೆಯ ಪೊರಕೆಗಳ ಮೇಲೆ ಕೂತು ಹಾರುತ್ತಿದ್ದಾರೆ. ಎತ್ತರವೆಂದರೆ ಕಾಲ್ಬೆರಳು ಇಬ್ಬನಿಯ ಹುಲ್ಲನ್ನು ಸವರುವಷ್ಟು ಮಾತ್ರ. ಇನ್ನೊಂದೆಡೆ ಎರಡು ವರ್ಷ ಮೀರದ ಕೆವಿನ್ ಎಂಬ ಪೋರ ಅಪ್ಪನ ಮಂತ್ರದಂಡ ಕದ್ದು ತಂದು, ಚಿಪ್ಪಿಲ್ಲದ ಬಸವನಹುಳುವೊಂದನ್ನು ಖುಷಿಯಿಂದ ತಿವಿಯುತ್ತ ಕೂತಿದ್ದಾನೆ. ಹುಳು ಉಬ್ಬುತ್ತಿದೆ, ಇನ್ನೂ ಉಬ್ಬುತ್ತಿದೆ. ಡೇರೆಯಿಂದ ಧಾವಿಸಿ ಬಂದ ತಾಯಿ, ಅಪ್ಪನ ದಂಡ ಮುಟ್ಟಬೇಡವೆಂದು ಎಷ್ಟು ಸಲ ಹೇಳಿದ್ದೇನೆ ಎಂದು ಗದರುತ್ತಲೇ ಆ ಹುಳುವಿನ ಮೇಲೆ ಕಾಲಿಡುತ್ತಾಳೆ. ಹುಳು ಫಟ್ಟೆಂದು ಒಡೆಯುತ್ತದೆ. ತಾಯಿಯ ಬೈಗುಳದ ನಡುವೆ ಮಗುವಿನ ಅಳು, ತನ್ನ ಹುಳುವನ್ನು ಒಡೆದುಬಿಟ್ಟೆಯಲ್ಲ ಎಂದು.

ತಾಯಿಯದೇನೂ ತಪ್ಪಿಲ್ಲ. ಎರಡು ವರ್ಷದವನ ಕೈಗೆ ದಂಡ ಸಿಕ್ಕರೆ ಡೇರೆಗೇ ಬೆಂಕಿ ಬಿದ್ದೀತು. ಆದರೆ ಅವಳಿಗೆ ದಂಡ ಕಂಡಿತು, ಹುಳು ಕಾಣಲಿಲ್ಲ. ಮಗುವಿಗೆ ಹುಳು ಕಂಡಿತ್ತು, ದಂಡದ ಗೊಡವೆಯೇ ಇರಲಿಲ್ಲ. ಒಂದೇ ನೆಲದ ಮೇಲೆ ನಿಂತು ಇಬ್ಬರೂ ಬೇರೆ ಬೇರೆ ಜಗತ್ತು ನೋಡುತ್ತಿದ್ದರು.

ನಮ್ಮ ಭಾಗವತದ ಯಶೋದೆಗೂ ಇಂಥದೇ ಗಳಿಗೆ ಬಂದಿತ್ತು. ಮಗ ಮಣ್ಣು ತಿಂದನೆಂದು ದೂರು ಬಂತು. ತಾಯಿ ಬಾಯಿ ತೆರೆಸಿದಳು, ಮಣ್ಣು ಹುಡುಕಲೆಂದೇ. ಕಂಡದ್ದು ಬೆಟ್ಟ, ಕಡಲು, ನಕ್ಷತ್ರ, ತಾನೂ ಸೇರಿದಂತೆ ಇಡೀ ಬ್ರಹ್ಮಾಂಡ. ಶಿಸ್ತಿಗೆಂದು ಹೋದವಳು ಬೆರಗಿಗೆ ಸಿಕ್ಕಿಬಿದ್ದಳು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಮಗುವೇ ಅವಳಿಗೆ ಮಾಯೆ ಕವಿಸಿ ಕಂಡದ್ದನ್ನು ಮರೆಸುತ್ತಾನೆ, ಅವಳು ಮತ್ತೆ ಬರಿಯ ಅಮ್ಮನಾಗಿ ಅವನನ್ನು ತೊಡೆಗೆಳೆದುಕೊಳ್ಳುತ್ತಾಳೆ. ಬ್ರಹ್ಮಾಂಡವನ್ನೇ ಸದಾ ಕಾಣುತ್ತಿದ್ದರೆ ಮಗುವಿಗೆ ಮೊಲೆಯೂಡಿಸುವವರು ಯಾರು, ಮೂಗೊರೆಸುವವರು ಯಾರು? ಮರೆವೂ ತಾಯ್ತನಕ್ಕೆ ಬೇಕೆಂದು ಪುರಾಣಕ್ಕೆ ಗೊತ್ತಿತ್ತು. ಹಾಗೆಂದು ಬಾಯೊಳಗೆ ಮಣ್ಣಲ್ಲದೆ ಬೇರೇನೂ ಇಲ್ಲವೆಂದು ಅದು ಹೇಳಲಿಲ್ಲ.

ಶಿಸ್ತು, ಬೆರಗು ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯಹೋಗಿ ಎಡವುವ ಒಬ್ಬ ಅಪ್ಪ ರೌಲಿಂಗ್ ಲೋಕದಲ್ಲಿದ್ದಾನೆ, ಆರ್ಥರ್ ವೀಸ್ಲಿ. ಸರ್ಕಾರದಲ್ಲಿ ಅವನ ಇಲಾಖೆಯೇ ಚಿಕ್ಕದು, ಅವನೂ ಪರ್ಕಿನ್ಸ್ ಎಂಬ ಮುದುಕನೂ ಸೇರಿ ಇಬ್ಬರೇ. ಮಗಲ್‌ಗಳ ಸಾಮಾನಿಗೆ ಯಾರೂ ಮಾಯೆ ತುಂಬದಂತೆ ನೋಡಿಕೊಳ್ಳುವುದು ಅವನ ಕೆಲಸ. ತಾನೇ ಕದ್ದುಮುಚ್ಚಿ ಒಂದು ಹಳೆಯ ಫೋರ್ಡ್ ಕಾರಿಗೆ ಹಾರುವ ಶಕ್ತಿ ತುಂಬಿರುವುದು ಅವನ ಹುಚ್ಚು. ಒಂದು ರಾತ್ರಿ ಮಕ್ಕಳು ಆ ಕಾರನ್ನು ಹಾರಿಸಿಕೊಂಡು ಹೋಗಿ ಹ್ಯಾರಿಯನ್ನು ಕರೆತರುತ್ತಾರೆ. ಬೆಳಿಗ್ಗೆ ಹೆಂಡತಿ ಮಾಲಿ ಸಿಡಿಮಿಡಿಗುಟ್ಟುತ್ತ ಅದನ್ನು ಹೇಳಿದಾಗ ಆರ್ಥರ್ ಕಣ್ಣರಳಿಸಿ, ಹೌದಾ, ಚೆನ್ನಾಗಿ ಹಾರಿತಾ ಎಂದು ಕೇಳಿಬಿಡುತ್ತಾನೆ. ಹೆಂಡತಿಯ ಕಣ್ಣಲ್ಲಿ ಕಿಡಿ ಕಂಡ ಮೇಲೆ ದನಿ ತಗ್ಗಿಸಿ, ಅದು ಬಹಳ ತಪ್ಪು ಮಕ್ಕಳೇ ಎನ್ನುತ್ತಾನೆ. ಓದುವವರಿಗೆ ನಗು. ಆದರೆ ಆ ಮಕ್ಕಳಿಗೆ ಎರಡೂ ಪಾಠ ಸಿಕ್ಕಿತು, ಅದೂ ಸರಿಯಾದ ಕ್ರಮದಲ್ಲಿ. ಮೊದಲು ಹಾರಿತಾ ಎಂಬ ಸಂತೋಷ, ಆಮೇಲೆ ತಪ್ಪು ಎಂಬ ಗದರಿಕೆ.

ಮಾಯೆಯ ಮನೆಯಲ್ಲಿ ಹುಟ್ಟಿದವರಿಗೆ ಬೆರಗು ತಾನಾಗಿ ಬರುತ್ತದೆಂದು ತಿಳಿದರೆ ಅದೂ ಸುಳ್ಳು. ಆರ್ಥರನ ಮಗ, ಹ್ಯಾರಿಯ ಗೆಳೆಯ ರಾನ್‌ನನ್ನೇ ನೋಡಿ. ತಾವೇ ತೊಳೆದುಕೊಳ್ಳುವ ಪಾತ್ರೆಗಳು, ಸಮಯದ ಬದಲು ಮನೆಮಂದಿ ಎಲ್ಲೆಲ್ಲಿದ್ದಾರೆಂದು ತೋರಿಸುವ ಗಡಿಯಾರ, ಅಟ್ಟದ ಮೇಲೆ ಕೊಳವೆ ಬಡಿಯುವ ಪಿಶಾಚಿ, ತೋಟದಲ್ಲಿ ಹಿಡಿದು ಎಸೆದಷ್ಟೂ ಮರಳಿ ಬರುವ ಕುಳ್ಳ ಪೀಡೆಗಳು. ಇವೆಲ್ಲ ಅವನಿಗೆ ಬಡತನದ ಗುರುತುಗಳು. ಹ್ಯಾರಿಯನ್ನು ತನ್ನ ಕೋಣೆಗೆ ಕರೆದೊಯ್ಯುವಾಗ ಅವನಿಗೆ ನಾಚಿಕೆ, ಕೋಣೆ ಚಿಕ್ಕದೆಂಬ ಸಂಕೋಚ. ಹ್ಯಾರಿಗೋ ತಾನು ಕಂಡ ಮನೆಗಳಲ್ಲೆಲ್ಲ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅದೇ ರಾನ್, ಹಾಸ್ಟೆಲಿನಲ್ಲಿ ಗೆಳೆಯ ಅಂಟಿಸಿದ ಫುಟ್‌ಬಾಲ್ ತಂಡದ ಚಿತ್ರವನ್ನು ಬೆರಳಿನಿಂದ ತಿವಿದು ತಿವಿದು ನೋಡುತ್ತಾನೆ, ಈ ಆಟಗಾರರು ಯಾಕೆ ಅಲುಗಾಡುತ್ತಿಲ್ಲ ಎಂದು. ಚಲಿಸುವ ಚಿತ್ರಗಳ ನಡುವೆ ಬೆಳೆದವನಿಗೆ ಅಲುಗದ ಚಿತ್ರವೇ ಮಾಯೆ. ಸಿಂಡ್ರೆಲಾ ಎಂಬ ಹೆಸರು ಕೇಳಿದರೆ ಅದೇನು ರೋಗವೇ ಎನ್ನುತ್ತಾನೆ. ಅವನ ಅಪ್ಪನಿಗೆ ವಿದ್ಯುತ್ ಪ್ಲಗ್ಗುಗಳನ್ನು ಕೂಡಿಡುವ ಖಯಾಲಿ. ವಿಮಾನಗಳು ಆಕಾಶದಲ್ಲಿ ಹೇಗೆ ನಿಲ್ಲುತ್ತವೆಂದು ತಿಳಿಯಬೇಕೆನ್ನುವುದು ಬದುಕಿನ ದೊಡ್ಡ ಆಸೆ.

ಹಾಗಾದರೆ ಬೆರಗು ಇರುವುದು ವಸ್ತುವಿನಲ್ಲಲ್ಲ, ನೋಡುವವರು ನಿಂತ ಜಾಗದಲ್ಲಿ ಎಂದಾಯಿತು. ಎರಡು ಲೋಕಗಳ ಗಡಿಯಲ್ಲಿ ನಿಂತವರಿಗೆ ಅದು ಬೇಗ ಸಿಗುತ್ತದೆ. ಹೆಸರಾದ ಕೂಸನ್ನು ಮಾಂತ್ರಿಕರ ನಡುವೆ ಬೆಳೆಸಿದರೆ ನಡೆಯಲು ಕಲಿಯುವ ಮುಂಚೆಯೇ ಹೊಗಳಿಕೆ ತಲೆಗೇರೀತು ಎಂದು ಡಂಬಲ್‌ಡೋರ್ ಹ್ಯಾರಿಯನ್ನು ಮಗಲ್‌ಗಳ ಮನೆಬಾಗಿಲಲ್ಲಿ ಬಿಟ್ಟದ್ದು. ಆ ಹತ್ತು ವರ್ಷ ಹುಡುಗ ಪಟ್ಟ ಪಾಡು ಸಣ್ಣದಲ್ಲ, ಅದನ್ನು ಸಮರ್ಥಿಸುವ ಮನಸ್ಸೂ ನನಗಿಲ್ಲ. ಆದರೂ ಮಾಯೆಯ ಲೋಕವನ್ನು ನಾವು ಕಣ್ಣರಳಿಸಿ ನೋಡಲು ಸಾಧ್ಯವಾದದ್ದು ಆ ಕಿರುಕೋಣೆಯಿಂದ ಹೊರಬಂದ ಕಣ್ಣುಗಳ ಮೂಲಕ. ರಾನ್ ಕತೆ ಹೇಳಿದ್ದರೆ ಅದರಲ್ಲಿ ಅರ್ಧ ಪಾಲು ತಿಂಡಿಯ ವರ್ಣನೆಯೂ ಇನ್ನರ್ಧ ಅಣ್ಣಂದಿರ ಕಾಟವೂ ಇರುತ್ತಿತ್ತು.

ಮಾಂತ್ರಿಕರ ಮನೆಗಳಲ್ಲೂ ಮಲಗುವ ಹೊತ್ತಿಗೆ ಅಜ್ಜಿಕತೆಗಳಿವೆ. ಬೀಡಲ್ ಎಂಬವನ ಕತೆಗಳೆಂದು ಅವು ಹೆಸರುವಾಸಿ. 2008ರಲ್ಲಿ ರೌಲಿಂಗ್ ಅವುಗಳನ್ನು ಬೇರೆ ಪುಸ್ತಕವಾಗಿಯೇ ತಂದರು. ನಮ್ಮ ಕತೆಗಳಲ್ಲಿ ಕಷ್ಟಕ್ಕೆ ಸಿಕ್ಕವರನ್ನು ಮಾಯೆ ಬಂದು ಪಾರುಮಾಡುತ್ತದೆ. ಆ ಕತೆಗಳಲ್ಲಿ ಮಾಯೆಯಿದ್ದೂ ಕಷ್ಟ ತಪ್ಪುವುದಿಲ್ಲ. ಮೂವರು ಅಣ್ಣತಮ್ಮಂದಿರು ಸಾವಿನ ಕೈಯಿಂದಲೇ ವರ ಪಡೆಯುತ್ತಾರೆ. ಗೆಲ್ಲಲು ಹೋದ ಹಿರಿಯನೂ ಸತ್ತವಳನ್ನು ಮರಳಿ ಕರೆದ ನಡುವಿನವನೂ ಬೇಗ ಅಳಿಯುತ್ತಾರೆ, ವಿನಯದಿಂದ ಮರೆಯಾಗಿ ಬದುಕಿದ ಕಿರಿಯ ಮುಪ್ಪಿನಲ್ಲಿ ಸಾವನ್ನು ಗೆಳೆಯನಂತೆ ಎದುರುಗೊಳ್ಳುತ್ತಾನೆ. ಎಲ್ಲವನ್ನೂ ಮಾಡಬಲ್ಲೆನೆಂದು ತಿಳಿದ ಮಗುವಿಗೆ ಇದು ಬೇಕಾದ ಪಾಠ. ಆಗದ್ದೆಂಬುದೇ ಇಲ್ಲದ ಲೋಕದಲ್ಲಿ ಆದದ್ದಕ್ಕೆ ಅಚ್ಚರಿಪಡುವವರಿರುವುದಿಲ್ಲ.

ಲೆ ಗ್ವಿನ್ ಅವರ ಕಾದಂಬರಿಯಲ್ಲೂ ಇಂಥ ಎರಡು ಮುಖಗಳು ಎದುರುಬದುರಾಗಿವೆ. ಗಾಂಟ್ ದ್ವೀಪದ ತಾಯಿಯಿಲ್ಲದ ಹುಡುಗ ಡ್ಯೂನಿಗೆ ಏಳರ ಪ್ರಾಯ. ಹಳ್ಳಿಯ ಮಾಟಗಾತಿಯಾದ ಚಿಕ್ಕಮ್ಮ ಗುಡಿಸಲಿನ ಮಾಡು ಹತ್ತಿದ ಮೇಕೆಯನ್ನು ಒಂದು ಪದ ಹೇಳಿ ಇಳಿಸಿದ್ದನ್ನು ಕೇಳಿದ್ದ. ಮರುದಿನ ಗುಡ್ಡದ ಮೇಲೆ, ಅರ್ಥ ತಿಳಿಯದೆಯೇ ಅದನ್ನು ಕೂಗಿದ. ಮೇಕೆಗಳೆಲ್ಲ ಬಂದು ಅವನನ್ನು ಒತ್ತಿ ಸುತ್ತುವರಿದವು, ಎಷ್ಟು ಓಡಿದರೂ ಬಿಡಲೊಲ್ಲವು. ಊರು ನಗುತ್ತ ಬೈಯುತ್ತ ನೋಡಿತು. ಚಿಕ್ಕಮ್ಮ ಮೇಕೆಗಳನ್ನು ಬಿಡಿಸಿ ಅವನನ್ನು ಗುಡಿಸಲಿನೊಳಗೆ ಕರೆದಳು. ಅವನ ಶಕ್ತಿ ಕಂಡು ಅವಳಿಗೆ ಸ್ವಲ್ಪ ಭಯ. ಅದರ ಬೆನ್ನಿಗೇ, ಈ ಹುಡುಗ ನನ್ನ ಕೈಕೆಳಗಿದ್ದರೆ ಎಂಬ ಲೆಕ್ಕಾಚಾರ. ಕಲಿಸಿದಳು, ಪ್ರೀತಿಯಿಲ್ಲದೆಯೂ ಅಲ್ಲ. ಆದರೆ ಎಲ್ಲ ಪಾಠದ ತಳದಲ್ಲಿ ಇದರಿಂದೇನು ಪ್ರಯೋಜನ ಎಂಬ ಪ್ರಶ್ನೆಯಿತ್ತು.

ಹದಿಮೂರರಲ್ಲಿ ಗೆಡ್ ಎಂಬ ನಿಜನಾಮ ಪಡೆದು ಓಗಿಯನ್ ಎಂಬ ಗುರುವಿನ ಹಿಂದೆ ಹೊರಟಾಗಲೂ ಹುಡುಗನ ನಾಲಿಗೆಯ ಮೇಲೆ ಅದೇ ಪ್ರಶ್ನೆ. ಭೂಕಂಪವನ್ನೇ ತಡೆದನೆಂದು ಹೆಸರಾದ ಈ ಗುರುವೋ ಮಳೆ ಬಂದರೆ ಮಂತ್ರ ಹೇಳಿ ಅಟ್ಟುವುದಿಲ್ಲ, ಮರದಡಿ ನೆನೆಯುತ್ತ ಮಲಗುತ್ತಾನೆ. ಪಾಠ ಯಾವಾಗ ಶುರು ಎಂದರೆ, ಶುರುವಾಗಿದೆ ಎನ್ನುತ್ತಾನೆ. ದಾರಿಬದಿಯ ಒಂದು ಸಣ್ಣ ಗಿಡದ ಉಪಯೋಗವೇನೆಂದು ಹುಡುಗ ಕೇಳಿದರೆ, ನನಗೆ ತಿಳಿದಂತೆ ಏನೂ ಇಲ್ಲ ಎಂಬ ಉತ್ತರ. ಅದರ ಬೇರು, ಎಲೆ, ಹೂವು, ಬೀಜವನ್ನು ಎಲ್ಲ ಕಾಲದಲ್ಲೂ ಕಂಡು, ಮೂಸಿ ಅರಿತರೆ ಮಾತ್ರ ಅದರ ನಿಜವಾದ ಹೆಸರು ತಿಳಿದೀತು, ಅದು ಉಪಯೋಗಕ್ಕಿಂತ ದೊಡ್ಡದು ಎಂಬುದು ಅವನ ಮತ. ಹುಡುಗನಿಗೆ ತಾಳ್ಮೆ ಸಾಲದು. ರೋಕ್ ಶಾಲೆಗೆ ಹೋಗಿ, ಗರ್ವದ ಒಂದು ರಾತ್ರಿ ತನ್ನದೇ ನೆರಳನ್ನು ಲೋಕಕ್ಕೆ ಬಿಟ್ಟು, ಅದರಿಂದ ಓಡಿ ಓಡಿ ಕೊನೆಗೆ ಈ ಗುರುವಿನ ಬಾಗಿಲಿಗೇ ಬಂದು ಬೀಳುತ್ತಾನೆ. ಪ್ರಯೋಜನದ ಪ್ರಶ್ನೆ ಏಳರಲ್ಲೇ ಮನಸ್ಸಿಗೆ ಇಳಿದುಬಿಟ್ಟರೆ, ಉತ್ತಮ ಗುರು ಸಿಕ್ಕರೂ ಅದನ್ನು ಕಳಚಿಕೊಳ್ಳಲು ಎಷ್ಟು ಕಡಲು ದಾಟಬೇಕೆಂಬುದಕ್ಕೆ ಆ ಕಾದಂಬರಿಯೇ ಸಾಕ್ಷಿ.

ಹ್ಯಾರಿಗೆ ಸರಿಯಾದ ಮುಖ ಸಿಕ್ಕಿದ್ದು ತಡವಾಗಿ, ಹನ್ನೊಂದು ತುಂಬಿದ ನಡುರಾತ್ರಿ, ಕಡಲ ನಡುವಿನ ಬಂಡೆಯ ಮೇಲಿನ ಗುಡಿಸಲಲ್ಲಿ. ಬಾಗಿಲು ಮುರಿದು ಬಂದ ಹ್ಯಾಗ್ರಿಡ್ ಶಾಲೆಯ ಮೂರನೆಯ ವರ್ಷದಲ್ಲೇ ಹೊರದೂಡಿಸಿಕೊಂಡವನು, ದಂಡ ಮುರಿಸಿಕೊಂಡವನು. ನಾನು ಮಾಂತ್ರಿಕನಾಗಿರಲು ಸಾಧ್ಯವೇ ಇಲ್ಲ ಎಂದು ಹುಡುಗ ಹೇಳಿದಾಗ ಅವನು ಪುರಾವೆ ಕೊಡುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಹೆದರಿದಾಗ, ಸಿಟ್ಟು ಬಂದಾಗ ನಿನ್ನಿಂದ ಏನೂ ಆಗಿಲ್ಲವೇ ಎಂದು ಕೇಳಿ ಸುಮ್ಮನಾಗುತ್ತಾನೆ. ಹುಡುಗ ಬೆಂಕಿಯನ್ನೇ ನೋಡುತ್ತ ಯೋಚಿಸುತ್ತಾನೆ. ಕೂದಲು, ಅಡುಗೆಮನೆಯ ಮಾಡು, ಮೃಗಾಲಯದಲ್ಲಿ ಮಾಯವಾದ ಗಾಜು ಒಂದೊಂದಾಗಿ ನೆನಪಾಗುತ್ತವೆ. ಇಷ್ಟು ದಿನ ಶಿಕ್ಷೆಯ ಪಟ್ಟಿಯಾಗಿದ್ದದ್ದು ಅವನ ಬದುಕಿನ ಕತೆಯಾಗುತ್ತದೆ. ತಲೆಯೆತ್ತಿದಾಗ ಎದುರಿಗೆ ನಗುವ ಮುಖ. ಹಾಗ್ವರ್ಟ್ಸ್‌ನ ಯಾವ ತರಗತಿಯೂ ಆ ಹುಡುಗನಿಗೆ ಇದಕ್ಕಿಂತ ದೊಡ್ಡದನ್ನು ಕೊಡಲಿಲ್ಲ.

ನಮ್ಮ ಮಕ್ಕಳು ಕೂದಲನ್ನು ರಾತ್ರೋರಾತ್ರಿ ಬೆಳೆಸಲಾರರು. ಆದರೆ ಮುಟ್ಟಿದರೆ ಮುನಿಯನ್ನು ಮುಟ್ಟಿ, ಮುದುಡಿದ ಎಲೆಯಿಂದ ಕಣ್ಣೆತ್ತಿ ನಮ್ಮನ್ನು ನೋಡುತ್ತಾರೆ. ನೆರಳು ಯಾಕೆ ಹಿಂದೆಯೇ ಬರುತ್ತದೆಂದು ಕೇಳುತ್ತಾರೆ. ಆಗ ನಮಗೆ ಬಸ್ಸಿಗೆ ಹೊತ್ತಾಗಿರುತ್ತದೆ, ಇಲ್ಲವೇ ಮೊಬೈಲ್ ತೆರೆದು ಉತ್ತರ ಓದಿ ಹೇಳುವ ಅವಸರವಿರುತ್ತದೆ. ಉತ್ತರ ಕೊಡಬಾರದೆಂದಲ್ಲ. ಉತ್ತರಕ್ಕೆ ಮುಂಚೆ ಒಂದು ಗಳಿಗೆ ನಮ್ಮ ಮುಖ ಏನು ಹೇಳಿತು ಎಂಬುದನ್ನು ಮಗು ಆಗಲೇ ಓದಿ ಮುಗಿಸಿರುತ್ತದೆ.

ಆ ಮಾಯೆಯ ಲೋಕದಲ್ಲಿ ಐದು ವರ್ಷದವರಿಗೊಂದು ಶಾಲೆ ತೆರೆಯುವ ಅಧಿಕಾರ ನನಗಿದ್ದರೆ ಆರ್ಥರ್ ವೀಸ್ಲಿಯನ್ನೂ ಹ್ಯಾಗ್ರಿಡ್‌ನನ್ನೂ ಮೇಷ್ಟರಾಗಿ ನೇಮಿಸುತ್ತಿದ್ದೆ. ಅಕ್ಷರ, ಮಗ್ಗಿಗೆ ಮಾಲಿಯೂ ಇರಲಿ. ಇಬ್ಬರೂ ಸೇರಿ ಶಾಲೆಗೆ ಬೆಂಕಿ ಹಚ್ಚದಂತೆ ಕಾಯಲು ಯಾರಾದರೂ ಬೇಕಲ್ಲ. ನಿಯಮ ಒಂದೇ ಸಾಕು: ಏನೇ ನಡೆದರೂ ಹೇಗಾಯಿತು ಎಂದು ಕೇಳಿದ ಮೇಲಷ್ಟೇ ಯಾರು ಮಾಡಿದ್ದು ಎಂದು ಕೇಳಬೇಕು. ಹಾಗ್ವರ್ಟ್ಸ್‌ನ ಮೇಷ್ಟರ ಮೇಲೆ ಕಣ್ಣಿಡಲು ಬಂದಿದ್ದ ಅಂಬ್ರಿಜ್‌ಳಂಥ ತಪಾಸಣಾಧಿಕಾರಿ ಬಂದರೆ ಇಬ್ಬರೂ ಮೇಷ್ಟರು ಮೊದಲ ದಿನವೇ ಕೆಲಸ ಕಳೆದುಕೊಳ್ಳುವುದು ಖಂಡಿತ. ಅಷ್ಟರಲ್ಲಿ ಆ ತರಗತಿಯ ಮಕ್ಕಳು ತಮ್ಮ ಕೈಯಿಂದ ನಡೆದದ್ದಕ್ಕೆ ಹೆದರದೆ, ಬೀಗದೆ, ಅದನ್ನು ಬಚ್ಚಿಡದೆ ನೋಡುವುದನ್ನು ಕಲಿತಿದ್ದರೆ ಸಾಕು. ದಂಡ ಹಿಡಿಯುವುದನ್ನು ಹನ್ನೊಂದರ ಮೇಲೆ ಯಾರು ಬೇಕಾದರೂ ಕಲಿಸಿಯಾರು.